ಹೊಸ ಯುಕುಲೇಲಿಯ ಜೊತೆ ನಾಲ್ಕೂರ ಸುತ್ತು

ಹಾಸನ, ಬೆಳಗ್ಗೆ

ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಿತ್ತಲ ಕನಕಾಂಬರ ಬಿಡಿಸಿಕೊಂಡು ಬರುವುದು ನನ್ನ ದಿನಚರಿ. ಮನೆಯವರಿಗೆ ಮೊದಲ ಲೋಟ ಕಾಫಿ ಕೊಟ್ಟು, ಅವರು ಪೇಪರಿನ ಪದಬಂಧ ಹಿಡಿದು ಕೂತ ಮೇಲೆ, ಆರೂಮುಕ್ಕಾಲಿಗೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಯುಕುಲೇಲಿ ತೆಗೆಯುತ್ತೇನೆ. ಇದೊಂದು ಮಾತ್ರ ಹೊಸದು, ಏಳು ದಿನದ ರೂಢಿ.

ಮೊದಲ ತಂತಿ ಮಿಡಿಯುತ್ತಿದ್ದಂತೆ ಪಕ್ಕದ ಮನೆ ಜಯಮ್ಮನ ಅಡುಗೆಮನೆ ಕಿಟಕಿ ದಢ್ ಎನ್ನುತ್ತದೆ. ನಡುವೆ ಕಾಂಪೌಂಡಿನ ಮೇಲೆ ಜಾಜಿ ಬಳ್ಳಿ ಹಬ್ಬಿರುವುದರಿಂದ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಏಳು ದಿನವೂ ಹಾಗೇ ಆಯಿತು. ಪಾಪ, ತಡೆಯಲಾರದೆ ಮುಚ್ಚಿಕೊಂಡರು ಅಂದುಕೊಂಡು ನಾನು ಇನ್ನಷ್ಟು ಮೆಲ್ಲಗೆ ನುಡಿಸುತ್ತೇನೆ.

ಯುಕುಲೇಲಿ ಅಂದರೆ ಗಿಟಾರಿನ ಮೊಮ್ಮಗಳಂಥ ಒಂದು ಪುಟ್ಟ ವಾದ್ಯ. ನಾಲ್ಕೇ ತಂತಿ, ಅದೂ ನೈಲಾನಿನದು. ಅಂಗಡಿಯವರು ಇದು ‘ಕಾನ್ಸರ್ಟ್’ ಸೈಜು, ತೀರಾ ಚಿಕ್ಕದಕ್ಕಿಂತ ಒಂದು ಸೈಜು ದೊಡ್ಡದು ಅಂದರು. ನಮ್ಮ ಮನೆಯವರು ಪದಬಂಧದಿಂದ ತಲೆಯೆತ್ತದೆ, “ಕಾನ್ಸರ್ಟ್ ಅಂದ್ರೆ ಕಚೇರಿ ಕೊಡ್ಲೇಬೇಕು ಅಂತ ಏನಾದ್ರೂ ರೂಲ್ಸ್ ಇದೆಯಾ?” ಅಂತ ಕೇಳಿದರು.

ಕಚೇರಿಯ ಮಾತು ಹಾಗಿರಲಿ. ಮೂವತ್ತು ವರ್ಷ ವೀಣೆ ನುಡಿಸಿದವಳು ನಾನು. ಎರಡು ವರ್ಷದ ಹಿಂದೆ ಚಿಕುನ್‌ಗುನ್ಯ ಬಂದು ಹೋಯಿತು. ಜ್ವರ ಹೋಯಿತು, ಗೆಣ್ಣು ನೋವು ಉಳಿಯಿತು. ವೀಣೆಯ ಲೋಹದ ತಂತಿ ಎಳೆದರೆ ಎಡಗೈಯ ಎರಡು ಬೆರಳು ಚಪಾತಿ ಲಟ್ಟಣಿಗೆ ಹಿಡಿಯಲೂ ಬಾರದಷ್ಟು ಊದಿಕೊಳ್ಳುತ್ತಿದ್ದವು. ಕೊನೆಗೆ ವೀಣೆಯನ್ನು ಅಣ್ಣನ ಮಗಳಿಗೆ ಕೊಟ್ಟುಬಿಟ್ಟೆ. ಅದು ಇದ್ದ ಮೂಲೆಯಲ್ಲಿ ಈಗ ಇಸ್ತ್ರಿ ಮೇಜು ಇದೆ. ನೈಲಾನ್ ತಂತಿ ಮೆತ್ತಗಿರುತ್ತೆ, ಇದನ್ನಾದರೂ ನುಡಿಸಬಹುದೇನೋ ಅನ್ನುವ ಆಸೆಯಿಂದ ಅಂಗಡಿಗೆ ಹೋದೆ. “ಎಂಟು ದಿನ ಇಟ್ಕೊಂಡು ನೋಡಿ ಮೇಡಂ. ಒಗ್ಗದಿದ್ರೆ ಒಂದು ಗೀರು ಬೀಳದಂಗೆ ತಂದ್ಕೊಡಿ, ರಾತ್ರಿ ಎಂಟಕ್ಕೆ ಬಾಗಿಲು ಹಾಕ್ತೀವಿ,” ಅಂದರು.

ಒಗ್ಗಲಿಲ್ಲ. ನಾನು ನುಡಿಸಿದರೆ ಸ್ವರವೆಲ್ಲ ಕೆಟ್ಟು ಹುಳಿ ಹುಳಿ ಅನ್ನುತ್ತಿತ್ತು. ಹೊಸ ಮರದ ದೋಷವೋ ನನ್ನ ಬೆರಳಿನ ದೋಷವೋ ಗೊತ್ತಾಗುತ್ತಿರಲಿಲ್ಲ. ಮರದ್ದಾದರೆ ವಾಪಸ್ಸು ಕೊಟ್ಟು ಹಳೆಯದೊಂದು ಹುಡುಕಬಹುದು. ಬೆರಳಿನದ್ದಾದರೆ ಸಂಗೀತಕ್ಕೇ ಕೈಮುಗಿದು ಇಸ್ತ್ರಿ ಮಾಡಿಕೊಂಡಿರಬೇಕು.

ಎಂಟನೆಯ ದಿನ ಬೆಳಗ್ಗೆ ನುಡಿಸಲಿಲ್ಲ. ಹಳೆಯದೊಂದನ್ನು ನುಡಿಸಿ ನೋಡಿದರೆ ದೋಷ ಯಾವುದರದೆಂದು ತಿಳಿದೀತು ಅಂತ ಹೊರಡುವ ಗಡಿಬಿಡಿ. ಹಳೆಯ ಯುಕುಲೇಲಿ ಎಲ್ಲಿವೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಸಂಗೀತ ಕಲಿಸಿದ ಗೋವಾದ ಸಿಸ್ಟರ್ ಆಗ್ನೆಸ್ ಹತ್ತಿರ ಮೂರು ಯುಕುಲೇಲಿ ಇದ್ದವು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಅಣ್ಣ ಹವಾಯಿ ದ್ವೀಪದಿಂದ ತಂದವು, ಆಗಲೇ ಹಳೆಯವು. ಸಿಸ್ಟರ್ ಊರು ಬಿಡುವಾಗ ಅವನ್ನು ಮೂವರು ಹುಡುಗಿಯರಿಗೆ ಕೊಟ್ಟು ಹೋದರು: ಮಂಗಳ, ನಾಗರತ್ನ, ಸಾವಿತ್ರಿ. ಆ ಗುಂಪಿನಲ್ಲಿ ನಾಲ್ಕನೆಯವಳು ನಾನು. ನನ್ನ ಕೆನ್ನೆ ತಟ್ಟಿ, “ನಿಮ್ಮ ಮನೇಲಿ ವೀಣೆ ಇದೆಯಲ್ಲ ಮಗು,” ಅಂದರು. ಅವತ್ತು ಮನೆಗೆ ಹೋಗಿ ವೀಣೆಯ ಮೇಲೆ ಮುನಿಸಿಕೊಂಡು ಊಟ ಬಿಟ್ಟಿದ್ದೆ.

ನಮ್ಮ ಮಹಿಳಾ ಸಮಾಜದ ಸಂಚಿಕೆಗೆ ಎಲ್ಲರೂ ದುಬೈ, ಸಿಂಗಪುರ, ಯೂರೋಪು ಅಂತ ಬರೆಯುತ್ತಾರೆ. ನೀವೂ ಒಂದು ವಿದೇಶ ಪ್ರವಾಸ ಬರೆದುಕೊಡಿ ಅಂದರು. ನನಗೆ ಪಾಸ್‌ಪೋರ್ಟೇ ಇಲ್ಲ. ಒಂದು ವಿದೇಶಿ ವಾದ್ಯವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ದಿನ ಸುತ್ತಿದ್ದು ನಿಜ. ಅದನ್ನೇ ಬರೆಯುತ್ತಿದ್ದೇನೆ, ನಡೆಸಿಕೊಳ್ಳಿ.

ಅರಕಲಗೂಡು

ಕಾರು ನಡೆಸಿದವಳು ನನ್ನ ನಾದಿನಿ ಗಿರಿಜಾ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಡ್ರೈವಿಂಗ್ ಕಲಿತಳು. ಚೆನ್ನಾಗಿಯೇ ನಡೆಸುತ್ತಾಳೆ, ಆದರೆ ರಿವರ್ಸ್ ತೆಗೆಯುವುದಿಲ್ಲ. “ಬರೋಲ್ಲ ಅಂತಲ್ಲ ಅತ್ತಿಗೆ, ಇಷ್ಟ ಇಲ್ಲ,” ಅನ್ನುತ್ತಾಳೆ. ಹೀಗಾಗಿ ಅವಳ ಜೊತೆ ಹೋದರೆ ಜೀವನವೆಲ್ಲ ಮುಂದಕ್ಕೇ.

ಅರಕಲಗೂಡು ಸೇರಿದ ಮೇಲೆ ನಾವು ಒಂದು ಗಲ್ಲಿ ಮೊದಲೇ ತಿರುಗಿಬಿಟ್ಟೆವು. ಗಲ್ಲಿ ಹೋಗಿ ಹೋಗಿ ಒಬ್ಬರ ಮನೆಯಂಗಳದಲ್ಲಿ ಮುಗಿಯಿತು. ಅಂಗಳದ ತುಂಬ ಶುಂಠಿ ಹರಡಿತ್ತು. ಮನೆಯಾಕೆ ಪೊರಕೆ ಹಿಡಿದು ನಿಂತಿದ್ದಳು.

“ಇಂದಕ್ಕೆ ತಗೊಳ್ಳಿ ಅಕ್ಕಾ,” ಅಂದಳು.

ಗಿರಿಜಾ ಕಿಟಕಿಯಿಂದ ತಲೆ ಹೊರಹಾಕಿ, “ಆಗಲ್ಲ ಕಣಮ್ಮ,” ಅಂದಳು, ಕಾರಿಗೇ ಏನೋ ಕಾಯಿಲೆ ಇರುವ ಥರ.

ಆಕೆ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿದಳು. ಯಾಕೆ ಏನು ಕೇಳಲಿಲ್ಲ. ಪೊರಕೆಯಿಂದ ಶುಂಠಿಯನ್ನು ಎರಡು ಪಾಲು ಮಾಡಿ ಕಾರು ಹಿಡಿಯುವಷ್ಟು ದಾರಿ ಬಿಟ್ಟಳು. “ಅಂಗೇ ಮುಂದ್ಕೆ ಬುಡಿ. ನಮ್ಮ ಇತ್ಲಾಗಿಂದ ಓದ್ರೆ ರೋಡೇ ಸಿಗ್ತದೆ. ಕರ ಕಟ್ಟಾಕೀವ್ನಿ, ಆರನ್ ಒಡೀಬ್ಯಾಡಿ.” ನಾವು ಶುಂಠಿಯ ನಡುವೆ ರಾಣಿಯರ ಹಾಗೆ ಹಾದು, ಕರುವಿಗೆ ಟಾಟಾ ಮಾಡಿ, ರಸ್ತೆಗೆ ಬಿದ್ದೆವು. ದುಬೈಯಲ್ಲಿ ಹೀಗೆ ಯಾರಾದರೂ ಹಿತ್ತಲು ಬಿಡುತ್ತಾರೋ ಇಲ್ಲವೋ, ಹೋಗಿ ಬಂದವರು ಹೇಳಬೇಕು.

ಮಂಗಳ ಬಾಗಿಲಲ್ಲೇ ಕಾಯುತ್ತಿದ್ದಳು. ದಪ್ಪಗಾಗಿದ್ದಾಳೆ, ನಗು ಮಾತ್ರ ಏಳನೇ ಕ್ಲಾಸಿನದೇ. ಅಕ್ಕಿರೊಟ್ಟಿ ತಟ್ಟುತ್ತಾ, “ನಂದು ಇವ್ರ ಕೈಗೆ ಸಿಕ್ಕಿಬಿಡ್ತು ಕಣೇ. ಮೊದ್ಲೇ ಹೇಳ್ಬಿಡ್ತೀನಿ, ಬೈಬೇಡ,” ಅಂದಳು. ‘ಇವ್ರು’ ಅಂದರೆ ಅವಳ ಗಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಅವರೇ ಸರಿಮಾಡುವುದು, ಕೆಡದೇ ಇದ್ದದ್ದನ್ನೂ.

ಮೇಷ್ಟ್ರು ಒಳಗಿಂದ ಸಿಸ್ಟರ್‌ ಯುಕುಲೇಲಿ ತಂದರು. ನನಗೆ ಗುರುತೇ ಸಿಗಲಿಲ್ಲ. ಅದರ ಹಳೆಯ ತಂತಿ ಹರಿದಾಗ ಅರಕಲಗೂಡಿನಲ್ಲಿ ನೈಲಾನ್ ತಂತಿ ಎಲ್ಲಿಂದ ತರುವುದು? ಪರಿಚಯದವರ ಮನೆಯಿಂದ ವೀಣೆಯ ಉಕ್ಕಿನ ತಂತಿ ತಂದು ಬಿಗಿದಿದ್ದಾರೆ. ಆ ಬಿಗಿತಕ್ಕೆ ತಂತಿ ಹಿಡಿದಿಡುವ ಕುದುರೆ ಅನ್ನುವ ಪಟ್ಟಿ ಕಿತ್ತು ಬಂದಿದೆ. ಮೇಷ್ಟ್ರು ಬಿಟ್ಟಾರೆಯೇ? ಬಾಗಿಲ ಚಿಲಕಕ್ಕೆ ಹಾಕುವ ಎರಡು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಮೇಲ್ಮೈ ಉಬ್ಬಿ, ವಾದ್ಯಕ್ಕೆ ಬಸುರಿಯ ಕಳೆ ಬಂದಿತ್ತು.

“ಸೌಂಡ್ ಕೇಳಿ ಮೇಡಂ,” ಅಂತ ಮೇಷ್ಟ್ರು ಒಂದು ಸಲ ಮಿಡಿದರು. ಝಣ್ಣೆಂದ ಸದ್ದಿಗೆ ಅಟ್ಟದ ಮೇಲಿದ್ದ ಬೆಕ್ಕು ಕೆಳಗಿಳಿದು ಹೊರಗೆ ಹೋಯಿತು. “ಮೊದ್ಲು ಪಿಳಿಪಿಳಿ ಅಂತಿತ್ತು. ಈಗ ಬಸ್‌ಸ್ಟ್ಯಾಂಡಿಗೂ ಕೇಳ್ಬೇಕು.”

“ಕೇಳ್ತದೆ, ಕೇಳ್ತದೆ. ಕಂಡಕ್ಟರು ಸೀಟಿ ಊದೋದೇ ಬಿಟ್ಟವ್ರೆ,” ಅಂದಳು ಮಂಗಳ ಒಲೆಯ ಮುಂದಿಂದಲೇ.

ನಾನೂ ಒಮ್ಮೆ ಕೈಯಿಟ್ಟೆ. ಉಕ್ಕಿನ ತಂತಿ ಬೆರಳ ತುದಿಗೆ ತಾಗಿದ್ದೇ ತಡ, ಎರಡು ವರ್ಷದ ಹಿಂದಿನ ನೋವು ಹೆಸರು ಹಿಡಿದು ಕರೆದ ಹಾಗಾಯಿತು. ತಕ್ಷಣ ಕೆಳಗಿಟ್ಟೆ. ಇದರಿಂದ ಮರದ ದೋಷವೋ ಬೆರಳಿನ ದೋಷವೋ ತೀರ್ಮಾನ ಮಾಡುವ ಹಾಗಿರಲಿಲ್ಲ. ಮೇಷ್ಟ್ರು ನನ್ನ ಹೊಸದನ್ನು ತಿರುಗಿಸಿ ಮುರುಗಿಸಿ, ತಂತಿ ಬಿಗಿಯುವ ಬಿರಡೆಗಳ ಹಲ್ಲುಚಕ್ರ ನೋಡಿ, “ಇದ್ರಲ್ಲಿ ಮಾಡಕ್ಕೆ ಏನೂ ಬಿಟ್ಟೇ ಇಲ್ವಲ್ಲ,” ಅಂತ ಬೇಸರದಿಂದ ವಾಪಸ್ಸು ಕೊಟ್ಟರು.

ಹೊಳೆನರಸೀಪುರ

ಹೊಳೆನರಸೀಪುರದ ಸೇತುವೆ ದಾಟುವಾಗ ಹೇಮಾವತಿ ಮಂಡಿಯಷ್ಟಿದ್ದಳು. ನಡುಬಂಡೆಯ ಮೇಲೆ ಯಾರೋ ಒಗೆದ ಪಂಚೆ ಹರಡಿ, ಹಾರಬಾರದೆಂದು ನಾಲ್ಕು ಮೂಲೆಗೂ ಕಲ್ಲಿಟ್ಟು ಹೋಗಿದ್ದರು. ಒಂದು ಕೊಕ್ಕರೆ ಆ ಪಂಚೆ ಕಾಯುತ್ತಾ ನಿಂತಿತ್ತು.

ನಾಗರತ್ನ ಅರ್ಚಕರ ಮನೆಯ ಸೊಸೆ. ಕಾನ್ವೆಂಟಿನಲ್ಲಿ ಅವಳಷ್ಟು ಚೆಂದ ಇಂಗ್ಲಿಷ್ ಪದ್ಯ ಓದುವವರು ಇರಲಿಲ್ಲ. ಈಗಲೂ ಪುಳಿಯೋಗರೆ ಬಡಿಸುತ್ತಾ “ಡೋಂಟ್ ಬಿ ಶೈ, ವಿಮಲಾ,” ಅಂದಳು. ಊಟವಾದ ಮೇಲೆ ಕೈಕಾಲು ತೊಳೆಸಿ ನಮ್ಮನ್ನು ದೇವರಮನೆಗೆ ಕರೆದುಕೊಂಡು ಹೋದಳು.

ಅಲ್ಲಿ, ಸರಸ್ವತಿ ಪಟದ ಪಕ್ಕದಲ್ಲಿ, ಕೆಂಪು ಖಣದ ಮೇಲೆ ಸಿಸ್ಟರ್ ಆಗ್ನೆಸ್ ಅವರ ಎರಡನೆಯ ಯುಕುಲೇಲಿ ಕೂತಿತ್ತು. ಕೊರಳಿಗೆ ಗೆಜ್ಜೆವಸ್ತ್ರ, ಹೊಟ್ಟೆಯ ಮೇಲೆ ಅರಿಶಿನ ಕುಂಕುಮ, ಗಂಧ. ಮೈಯೆಲ್ಲ ಹೊಸಲಿಗೆ ಸವರುವ ಎಣ್ಣೆಯಿಂದ ಮಿರಮಿರ.

“ಮದುವೆಯಾಗಿ ಬಂದಾಗ ಅತ್ತೆಯೋರು ಇದೇನು ಅಂದ್ರು. ವಾದ್ಯ ಅಂದೆ. ವಾದ್ಯ ಅಂದ್ರೆ ಸರಸ್ವತಿ ತಾನೆ, ಕೆಳಗಿಡಬೇಡ ಅಂತ ಇಲ್ಲಿಟ್ರು. ಅವತ್ತಿಂದ ಇಲ್ಲೇ ಇದೆ,” ಅಂದಳು ನಾಗರತ್ನ.

“ನುಡಿಸಿಲ್ವೇನೇ?”

“ದೇವರಮನೇಲಿ ಇಟ್ಟದ್ದನ್ನ ತೆಗೆದು ಟಿಂಗ್ ಟಿಂಗ್ ಅನ್ನಿಸೋಕೆ ಆಗುತ್ತಾ?”

ಅವಳ ಯಜಮಾನರು ಪೂಜೆ ಮುಗಿಸಿ ಆಗಷ್ಟೇ ಬಂದವರು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತಾ ಆಶ್ಚರ್ಯದಿಂದ ಕೇಳಿದರು: “ಅದನ್ನ ನುಡಿಸ್ತಾರಾ? ನಾನು ಇಷ್ಟು ವರ್ಷ ಅದು ಬರೀ ಪೂಜೆದು ಅಂತಿದ್ದೆ.”

ಅವರೇ ಕೈಮುಗಿದು ತೆಗೆದು ನನ್ನ ಕೈಗೆ ಕೊಟ್ಟರು. ಒಂದು ಕೈಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಹಿಡಿದು ತೂಗಿ ನೋಡಿದೆ. ಹಳೆಯದು ಹೊಸದಕ್ಕಿಂತ ಎಷ್ಟೋ ಚಿಕ್ಕದು, ಆದರೂ ಹೊಸದರಷ್ಟೇ ಭಾರ. ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು. ಬೋರಲು ಮಾಡಿದೆ. ನಡುವಿನ ರಂಧ್ರದಿಂದ ಸುರಿಯಿತು ನೋಡಿ: ಅಕ್ಷತೆ! ಅರಿಶಿನ ಹಚ್ಚಿದ ಅಕ್ಕಿಕಾಳು, ಒಣಗಿದ ಸೇವಂತಿಗೆ ಎಸಳು, ಒಂದು ತುಳಸಿ ಕುಡಿ. ಪ್ರತಿ ವರ್ಷ ಸರಸ್ವತಿ ಪೂಜೆಗೆ ಹಾಕಿದ ಅಕ್ಷತೆಯೆಲ್ಲ ಒಳಗೇ ಸೇರಿ ಹೊಟ್ಟೆ ತುಂಬಿಸಿಕೊಂಡಿತ್ತು. ನಾಗರತ್ನ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಯಜಮಾನರು ನಕ್ಕರು. ನಗುತ್ತಲೇ ಒಂದೊಂದು ಕಾಳನ್ನೂ ಆರಿಸಿ ತಟ್ಟೆಗೆ ಹಾಕಿದರು. ಕಾಲಿಗೆ ಸಿಗಬಾರದಲ್ಲ.

ಹೊಟ್ಟೆ ಖಾಲಿಯಾದ ಮೇಲೆ ಅದು ಒಣ ಸೋರೆಬುರುಡೆಯಷ್ಟು ಹಗುರಾಯಿತು. ಮೆಲ್ಲಗೆ ಬಿರಡೆ ತಿರುಗಿಸಿದೆ. ಒಂದು ತಂತಿ ಟಪ್ಪೆಂದು ಹರಿಯಿತು, ಇನ್ನೊಂದು ಅದರ ಹಿಂದೆಯೇ. ಉಳಿದ ಎರಡು ತಂತಿಯನ್ನು ಎಡಗೈಯಿಂದ ಒತ್ತದೆ ಹಾಗೇ ಮಿಡಿದೆ. ಎಣ್ಣೆ ಕುಡಿದ ಮರ, ಗಂಧ ಮೆತ್ತಿದ ಹಲಗೆ, ಆದರೂ ಆ ದನಿ! ನೀರಿನ ಮೇಲೆ ಚಪ್ಪಟೆ ಕಲ್ಲು ಹಾರಿಸಿದ ಹಾಗೆ ಎರಡು ಸಲ ಚಿಮ್ಮಿ ನಿಂತಿತು. ಗಿರಿಜಾ ಕೂಡ ಮೊಬೈಲಿನಿಂದ ತಲೆಯೆತ್ತಿದಳು. ಕಾನ್ವೆಂಟಿನ ಮ್ಯೂಸಿಕ್ ರೂಮು, ಮೇಣ ಹಚ್ಚಿದ ನೆಲದ ವಾಸನೆ, ಸಿಸ್ಟರ್ ಅವರ ಕಪ್ಪು ಶೂಗಳು ಎಲ್ಲ ಒಟ್ಟಿಗೆ ಬಂದವು. ಹಳೆಯದೇ ಹಳೆಯದು, ದೋಷ ಹೊಸ ಮರದ್ದೇ ಅಂತ ನನ್ನ ಮನಸ್ಸು ಆಗಲೇ ತೀರ್ಪು ಕೊಡಲು ಹೊರಟಿತ್ತು. ಆದರೆ ಎಡಗೈ ಇಡುವಷ್ಟು ತಂತಿಯೇ ಉಳಿದಿರಲಿಲ್ಲ.

“ತಂತಿ ಹಾಕಿಸ್ತೀನಿ ಬಿಡೇ,” ಅಂದಳು ನಾಗರತ್ನ ಯೋಚನೆ ಮಾಡುತ್ತಾ. “ಪೂಜೆ ದಿನ ಪೂಜೆ, ಮಿಕ್ಕ ದಿನ ನುಡಿಸಿದ್ರೆ ಸರಸ್ವತಿ ಬೇಡ ಅಂತಾಳೇನ್ರೀ?”

ಅವಳ ಯಜಮಾನರು ತಟ್ಟೆಯ ಅಕ್ಷತೆ ನೋಡುತ್ತಾ, “ಅವಳು ಯಾವತ್ತು ಬೇಡ ಅಂದ್ಲು? ನಾವೇ ತಾನೆ ಬಾಯಿಗೆ ಅಕ್ಕಿ ತುರುಕಿದ್ದು,” ಅಂದರು.

ಚನ್ನರಾಯಪಟ್ಟಣ

ಚನ್ನರಾಯಪಟ್ಟಣಕ್ಕೆ ಬಂದಾಗ ಮೂರು ಗಂಟೆ. ಹೆದ್ದಾರಿ ಸೇರುವ ಮುಂಚೆ ಶ್ರವಣಬೆಳಗೊಳದ ಕಡೆಯಿಂದ ಬರುತ್ತಿದ್ದ ಬಸ್ಸಿನ ತುಂಬ ಗುಜರಾತಿ ಯಾತ್ರಿಕರು ಕಿಟಕಿಯಿಂದ ನಮಗೆ ಕೈಬೀಸಿದರು. ಅವರು ದೂರದ ಊರಿನಿಂದ ನಮ್ಮೂರು ನೋಡಲು ಬಂದಿದ್ದಾರೆ. ನಾನು ಪಕ್ಕದ ತಾಲ್ಲೂಕಿಗೆ ಹತ್ತು ವರ್ಷಕ್ಕೊಮ್ಮೆ ಬರುತ್ತೇನೆ.

ಸಾವಿತ್ರಿ ಅಂಗನವಾಡಿ ಟೀಚರ್. ಕಟ್ಟಾಯದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದಳು. ಮಕ್ಕಳು ಮಧ್ಯಾಹ್ನದ ನಿದ್ದೆ ಮುಗಿಸಿ ಕಣ್ಣುಜ್ಜುತ್ತಾ ಚಾಪೆಯ ಮೇಲೆ ಕೂತಿದ್ದವು. ಸಾವಿತ್ರಿ ನಮಗೆ “ಬನ್ರೇ” ಅಂದವಳೇ ಮೊದಲು ಮಕ್ಕಳ ಕೆಲಸ ಮುಗಿಸಿದಳು. ಗೋಡೆಯ ಮೊಳೆಯಿಂದ ಮೂರನೆಯ ಯುಕುಲೇಲಿ ತೆಗೆದು, ಎರಡು ಸಲ ಮಿಡಿದು, ತಾನೇ ಕಟ್ಟಿದ ಒಂದು ಪದ ಶುರು ಮಾಡಿದಳು. ಕೈ ತೊಳ್ಕೋ, ಬಾಯಿ ಒರೆಸ್ಕೋ ಅನ್ನುವಂಥದ್ದು. ಮಕ್ಕಳು ಎದ್ದು ಸಾಲಾಗಿ ನಲ್ಲಿಯ ಕಡೆ ನಡೆದವು. ಒಂದು ಗದರಿಕೆಯಿಲ್ಲ.

ಅವಳ ವಾದ್ಯದ ಮೇಲೆ ಗೀರು, ಬಣ್ಣದ ಪೆನ್ಸಿಲ್ ಗುರುತು, ಒಂದು ಕಡೆ ಯಾವುದೋ ಮಗು ಕಚ್ಚಿದ ಹಲ್ಲಿನ ಸಾಲು. ಆದರೆ ತಂತಿ ಸರಿಯಾದದ್ದು, ಬಿರಡೆ ಬಿಗಿ, ಮರ ಸುರಕ್ಷಿತ. ಒಂದೇ ಒಂದು ಹಳೆಯದು ಬದುಕಿ ಉಳಿದಿತ್ತು, ದಿನಾ ದುಡಿಯುತ್ತಾ.

“ಕೊಡೇ, ಒಂದ್ಸಲ,” ಅಂದೆ. ಇದರಲ್ಲಿ ಚೆನ್ನಾಗಿ ಬಂದರೆ ಹೊಸದರ ತಪ್ಪು. ಬರದಿದ್ದರೆ ನನ್ನದೇ.

ನುಡಿಸಿದೆ. ಹುಳಿ. ಹೊಸದರಲ್ಲಿ ಬಂದದ್ದಕ್ಕಿಂತ ಇನ್ನೂ ಹುಳಿ. ಆ ಪುಟ್ಟ ವಾದ್ಯದ ಇಕ್ಕಟ್ಟಿನಲ್ಲಿ ನನ್ನ ಊದಿದ ಗೆಣ್ಣುಗಳು ಒಂದರ ಮೇಲೊಂದು ಹತ್ತಿದವು. ನಲ್ಲಿಯಿಂದ ವಾಪಸ್ಸು ಬಂದ ಎರಡು ಜುಟ್ಟಿನ ಒಂದು ಮಗು ನನ್ನ ಮುಂದೆ ನಿಂತು ಕೇಳಿಸಿಕೊಂಡು, ಗಂಭೀರವಾಗಿ ಹೇಳಿತು: “ಮಿಸ್ಸು, ಈ ಅಜ್ಜಿ ನುಡ್ಸುದ್ರೆ ಅದು ಅಳ್ತದೆ.”

ಸಾವಿತ್ರಿ ನನ್ನ ಹೊಸದನ್ನು ಎತ್ತಿಕೊಂಡು ಅದೇ ಪದ ನುಡಿಸಿದಳು. ಅಯ್ಯೋ, ನನ್ನ ಹೊಸ ಯುಕುಲೇಲಿ ಹಾಗೂ ಹಾಡಬಲ್ಲದಾ! ಅವಳ ಹಳೆಯದರಷ್ಟು ತುಂಟ ದನಿಯಲ್ಲ, ಇದು ಕೊಂಚ ತುಂಬಿದ, ನಿಧಾನದ ದನಿ. ಎರಡರಲ್ಲೂ ದೋಷವಿರಲಿಲ್ಲ. ನಾನು ಸೆರಗಿನಲ್ಲಿ ಕನ್ನಡಕ ಒರೆಸಿದೆ. “ಸಾಕು ಬಿಡೇ. ಸಂಜೆ ಅಂಗಡಿಗೆ ವಾಪಸ್ಸು ಕೊಟ್ಬಿಡ್ತೀನಿ. ನನ್ನ ಕೈ ಮುಗೀತು.”

“ಸುಮ್ನಿರೇ,” ಅಂದಳು ಸಾವಿತ್ರಿ. “ಇನ್ನೊಂದ್ಸಲ ಹಿಡಿ. ನುಡಿಸ್ಬೇಡ, ಬರೀ ಒತ್ತು.”

ಹೊಸದನ್ನು ಹಿಡಿದು ತಂತಿ ಒತ್ತಿದೆ. ಅವಳು ಬಗ್ಗಿ, ಮಗುವಿನ ಕಾಲಿನ ಮುಳ್ಳು ಹುಡುಕುವವರ ಹಾಗೆ ನನ್ನ ಬೆರಳನ್ನೇ ನೋಡಿದಳು. ಆಮೇಲೆ ಬಿದ್ದು ಬಿದ್ದು ನಗಲು ಶುರು ಮಾಡಿದಳು.

“ಏನೇ ಇದು, ವೀಣೆ ನುಡಿಸ್ತಿದ್ದೀಯಲ್ಲೇ!”

ನೋಡಿಕೊಂಡರೆ ನಿಜ. ವೀಣೆಯಲ್ಲಿ ನಾವು ಕೊರಳಿಗೆ ಅಡ್ಡಡ್ಡ ಕೂರಿಸಿದ ಲೋಹದ ಮೆಟ್ಟಿಲ ಮೇಲೆಯೇ ತಂತಿ ಒತ್ತಿ, ಪಕ್ಕಕ್ಕೆ ಎಳೆಯುತ್ತೇವೆ. ಆ ಎಳೆತದಲ್ಲೇ ಗಮಕ, ಅದರಲ್ಲೇ ಜೀವ. ಯುಕುಲೇಲಿಯಲ್ಲಿ ಹಾಗಲ್ಲ. ಮೆಟ್ಟಿಲ ಹಿಂದೆ, ಖಾಲಿ ಜಾಗದಲ್ಲಿ, ಹಗುರವಾಗಿ ಒತ್ತಿ ಸುಮ್ಮನಿರಬೇಕು. ನಾನು ಏಳು ದಿನವೂ ಗೊತ್ತಿಲ್ಲದೆ ಮೆಟ್ಟಿಲ ಮೇಲೇ ಬೆರಳು ಅದುಮಿ, ನಾಲ್ಕೂ ತಂತಿ ಎಳೆಯುತ್ತಿದ್ದೆ. ನಾಲ್ಕು ಸ್ವರವೂ ಒಂದೊಂದು ದಿಕ್ಕಿಗೆ ಜಾರಿ ಹುಳಿಯಾಗುತ್ತಿದ್ದವು. ಸಾಲದ್ದಕ್ಕೆ ಗೆಣ್ಣೂ ನೋಯುತ್ತಿತ್ತು.

“ಸಿಸ್ಟರ್ ಏನಂತಿದ್ರು ನಿಂಗೆ? ನೆನಪಿದೆಯಾ?” ಅಂದಳು ಸಾವಿತ್ರಿ. ಗೋವಾದ ಕನ್ನಡದಲ್ಲಿ ಅವರ ದನಿಯನ್ನೇ ತೆಗೆದಳು: “ವಿಮಲಾ, ನೀನು ಹಪ್ಪಳ ಒತ್ತುವುದು ಬೇಡ!”

ಮರೆತೇ ಹೋಗಿತ್ತು. ಆಗಲೂ ನನಗೆ ಅದೇ ಬುದ್ಧಿ.

“ನಿನ್ನ ಕೈ ಹಾಳಾಗಿಲ್ಲ ಕಣೇ, ಅದಕ್ಕೆ ವೀಣೆ ಮರೆತಿಲ್ಲ ಅಷ್ಟೆ,” ಅಂದಳು. ಬ್ಯಾಗಿನಿಂದ ಸ್ಟಿಕ್ಕರ್ ಬೊಟ್ಟಿನ ಚೀಟಿ ತೆಗೆದು, ಹೊಸ ಯುಕುಲೇಲಿಯ ಕೊರಳ ಮೇಲೆ, ಬೆರಳು ಇಡಬೇಕಾದ ಕಡೆಯಲ್ಲೆಲ್ಲ ಒಂದೊಂದು ಕೆಂಪು ಬೊಟ್ಟು ಅಂಟಿಸಿದಳು.

“ಅಂಗಡಿಯವರು ಗೀರು ಬೀಳಬಾರದು ಅಂದಿದ್ದಾರೆ ಕಣೇ!”

“ಬೊಟ್ಟು ಗೀರಾ? ಸುಮ್ನೆ ಬೊಟ್ಟಿನ ಮೇಲೆ ಬೆರಳಿಡು. ಎಳೀಬೇಡ. ಎಳೆಯೋ ಆಸೆ ಆದ್ರೆ ಉಸಿರು ಎಳ್ಕೋ.”

ಮೊದಲ ಬೊಟ್ಟು. ಒಂದು ಬೆರಳು. ಮಿಡಿದೆ. ಇನ್ನೊಂದು ಸಲ. ಮೂರನೆಯ ಸಲಕ್ಕೆ ನಾಲ್ಕು ತಂತಿಯೂ ಒಂದೇ ಮನೆಯವರ ಹಾಗೆ ಒಟ್ಟಿಗೆ ಮಾತಾಡಿದವು. ಎರಡನೆಯ ಬೊಟ್ಟಿಗೆ ಹೋಗುವಾಗ ತಡವರಿಸಿತು, ಆದರೆ ಈ ಹೊಸದರ ಮೆಟ್ಟಿಲುಗಳ ನಡುವೆ ನನ್ನ ದಪ್ಪ ಗೆಣ್ಣಿಗೂ ಜಾಗವಿತ್ತು. ನೋವು ಇರಲಿಲ್ಲ ಅಂತ ಹೇಳಲಾರೆ. ಇತ್ತು, ಆದರೆ ಪಕ್ಕದ ಕೋಣೆಯಲ್ಲಿ ಇದ್ದ ಹಾಗೆ ಇತ್ತು. ಎರಡು ಜುಟ್ಟಿನ ಮಗು ಮತ್ತೆ ಬಂದು ನಿಂತಿತು. ನಾನು ಪರೀಕ್ಷೆಗೆ ಕೂತವಳ ಹಾಗೆ ಅದರ ಮುಖ ನೋಡಿದೆ. ಅದು ಅಲ್ಲೇ ಕೂತು ಶೇಂಗಾ ಚಿಕ್ಕಿ ತಿನ್ನತೊಡಗಿತು. ಎದ್ದು ಹೋಗಲಿಲ್ಲ.

ಹೊರಡುವಾಗ ಸಾವಿತ್ರಿ ತನ್ನ ಹಳೆಯದನ್ನು ನನ್ನ ಮುಂದೆ ಹಿಡಿದಳು. “ನಿಂಗೆ ಹಳೇದೇ ಆಸೆ ಅಲ್ವಾ? ತಗೊಂಡು ಹೋಗು. ಅವತ್ತು ನಿಂಗೆ ಸಿಗ್ಲಿಲ್ಲ ಅಂತ ನೀನು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ.”

“ನಿಂಗೆ ಗೊತ್ತಿತ್ತಾ?”

“ಇಡೀ ಕ್ಲಾಸಿಗೆ ಗೊತ್ತಿತ್ತು ಕಣೇ. ನಂಗ್ಯಾಕೆ ಕೊಟ್ರು ಗೊತ್ತಾ? ಕಟ್ಟಾಯದ ಬಸ್ಸು ತಪ್ಪಿದ ದಿನ ಇನ್ನೊಂದು ಬಸ್ಸು ಬರೋ ತನಕ ಮ್ಯೂಸಿಕ್ ರೂಮಲ್ಲೇ ಕೂತಿರ್ತಿದ್ದೆ. ಸುಮ್ನೆ ಕೂರೋ ಬದ್ಲು ಹಿಡಿ ಅಂತ ಕೊಟ್ರು. ಆಮೇಲೆ ಬೇಕಂತ್ಲೇ ಬಸ್ಸು ತಪ್ಪಿಸ್ಕೊಂತಿದ್ದೆ.”

ಅದನ್ನು ಕೈಗೆ ತೆಗೆದುಕೊಂಡೆ. ಕೊರಳ ಹಿಂದೆ, ಹೆಬ್ಬೆರಳು ಕೂರುವ ಕಡೆ, ಮರ ಸವೆದು ಒಂದು ಸಣ್ಣ ಗುಳಿಯಾಗಿತ್ತು. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಕೂರಲಿಲ್ಲ. ಅದು ಸಾವಿತ್ರಿಯ ಹೆಬ್ಬೆರಳಿಗೆ ಆದದ್ದು. ಅದನ್ನು ಒಯ್ದುಬಿಟ್ಟರೆ ನಾಳೆ ಈ ಮಕ್ಕಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗುವವರು ಯಾರು? ಗೋಡೆಯ ಮೊಳೆಗೆ ನಾನೇ ತಿರುಗಿ ತೂಗುಹಾಕಿದೆ.

ಹಾಸನ, ಸಂಜೆ

ಊರು ಹತ್ತಿರ ಬಂದಾಗ ಗಿರಿಜಾ ಬೂವನಹಳ್ಳಿಯ ಕಡೆ ಕೈತೋರಿಸಿ, “ವಿಮಾನ ನಿಲ್ದಾಣ ಆಗ್ಲಿ ಅತ್ತಿಗೆ, ಇಲ್ಲಿಂದ್ಲೇ ಹತ್ತಿ ಹವಾಯಿಗೆ ಹೋಗಿಬರೋಣ,” ಅಂದಳು. ವಿಮಾನಕ್ಕೂ ರಿವರ್ಸ್ ಬೇಕಾಗುತ್ತೇನೋ ಅಂತ ನಾನು ಅನುಮಾನ ವ್ಯಕ್ತಪಡಿಸಿದೆ.

ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಏಳು ಗಂಟೆಯಾಗಲು ಹತ್ತು ನಿಮಿಷ. ಗಿರಿಜಾ ಇಂಜಿನ್ ಆರಿಸಲಿಲ್ಲ. “ಅಂಗಡಿ ಎಂಟರ ತನಕ ಇರುತ್ತೆ. ವಾಪಸ್ಸು ಕೊಡೋದಾದ್ರೆ ಈಗ್ಲೇ ಹೇಳಿ, ಹೀಗೇ ನೇರ ಹೋಗ್ಬಿಡ್ತೀನಿ.”

ಅಂಗನವಾಡಿಯಲ್ಲಿ ಇದ್ದ ಧೈರ್ಯ ನಮ್ಮ ಬೀದಿ ನೋಡಿದ ಕೂಡಲೇ ಸ್ವಲ್ಪ ಇಳಿಯಿತು. ಅಲ್ಲಿ ಸಾವಿತ್ರಿ ಇದ್ದಳು, ಇಲ್ಲಿ ನಾನೊಬ್ಬಳೇ. ಆ ಎರಡು ಬೊಟ್ಟಿನಿಂದ ಮೂರನೆಯದಕ್ಕೆ ಹೋಗಲು ಎಷ್ಟು ತಿಂಗಳು ಬೇಕೋ. ಅಷ್ಟೂ ದಿನ ಬೆಳಗ್ಗೆ ಬೆಳಗ್ಗೆ ಬೀದಿಯವರಿಗೆಲ್ಲ ಹುಳಿ ಬಡಿಸುವುದೇ? ಜಯಮ್ಮನ ಕಿಟಕಿ ನೆನಪಾಯಿತು. ಯುಕುಲೇಲಿ ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದೆ.

ಅಷ್ಟರಲ್ಲಿ ಜಯಮ್ಮನೇ ತೆಂಗಿನ ನಾರು, ಕಪ್ಪಾದ ಹಾಲಿನ ಪಾತ್ರೆ ಹಿಡಿದು ತಮ್ಮ ಗೇಟಿಗೆ ಬಂದರು. ಕಾರಿನ ಕಿಟಕಿಯಲ್ಲಿ ಬಗ್ಗಿ ನನ್ನ ಮಡಿಲು ನೋಡಿದರು.

“ಅದ್ಕೂ ಬೊಟ್ಟಿಟ್ರಾ ಅಕ್ಕಾ? ಲಕ್ಷಣವಾಗದೆ. ಬೆಳಿಗ್ಗೆ ಎಲ್ಲೋಗ್ಬುಟ್ರಿ?”

“ಅರಕಲಗೂಡು ಕಡೆ ಹೋಗಿದ್ವಿ ಜಯಮ್ಮ. ಯಾಕೆ?”

“ಯಾಕೇನು ಬಂತು, ಪಾತ್ರೆ ನೋಡಿ,” ಅಂತ ಅದನ್ನು ನನ್ನ ಮೂಗಿನ ಮುಂದೆ ಹಿಡಿದರು. “ನೀವು ಶುರು ಮಾಡ್ತಿದ್ದಂಗೆ ನಾನು ಹಾಲಿಡಾದು, ಕಿಟಕಿ ತಗದು ಕೇಳ್ತಾ ನಿಂತ್ಕಳಾದು. ಆ ಕಿಟಕಿ ಊದ್ಕಂಡದೆ, ಗುದ್ದದೆ ತೆಗೆಯಾಕಿಲ್ಲ. ನೀವು ಎರಡ್ನೇದು ಮುಗ್ಸೋ ಒತ್ಗೆ ಹಾಲು ಕಾದಿರ್ತದೆ. ಇವತ್ತು ಹಾಲಿಟ್ಟು, ಈಗ ಶುರು ಮಾಡ್ತಾರೆ, ಈಗ ಶುರು ಮಾಡ್ತಾರೆ ಅಂತ ಕಿಟಕೀಲೇ ನಿಂತಿವ್ನಿ. ಒಂದು ಪಾತ್ರೆ ಹಾಲೂ ಉಕ್ಕಿ ಒಲೆ ಮ್ಯಾಲೆ, ತಳ ಸೀದೋಯ್ತು.”

ಪಕ್ಕದಲ್ಲಿ ಗಿರಿಜಾ ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು.

“ನಾಳೆ ನುಡಿಸ್ತೀನಿ ಜಯಮ್ಮ,” ಅಂದೆ.

ಅವರು ಪಾತ್ರೆಯ ತಳಕ್ಕೆ ನಾರು ಹಾಕಿ ತಿಕ್ಕುತ್ತಾ, ಆಗಲೇ ತಮ್ಮ ಮನೆಯ ಕಡೆ ತಿರುಗಿದ್ದರು. “ನಾಳೆ ಒಸಿ ಬೇಗ್ನೆ ಆರೂವರೆಗೇ ಶುರು ಮಾಡ್ಬುಡಿ ಅಕ್ಕಾ. ಹಾಲ್ನವನು ನಾಳೆ ಜಲ್ದಿ ಬತ್ತೀನಿ ಅಂದವ್ನೆ.”